ನನ್ನ ಗಂಟಲು ಕಟ್ಟಿದ ವಾರ

ಮನುಷ್ಯನಿಗೆ ತನ್ನ ದೇಹದ ಯಾವುದಾದರೂ ಒಂದು ಭಾಗದ ಮೇಲೆ ಗುಟ್ಟಾದ ಅಭಿಮಾನ ಇದ್ದೇ ಇರುತ್ತದೆ. ಕೆಲವರಿಗೆ ಮೀಸೆಯ ಮೇಲೆ, ಕೆಲವರಿಗೆ ತಲೆಯಲ್ಲಿ ಉಳಿದಿರುವ ನಾಲ್ಕು ಕೂದಲಿನ ಮೇಲೆ. ನನಗೆ ಗಂಟಲಿನ ಮೇಲೆ. ಎಪ್ಪತ್ತರ ದಶಕದಲ್ಲಿ ನಾನು ವಾಡಿಯ ಸಣ್ಣ ಚರ್ಚೊಂದಕ್ಕೆ ಪಾದ್ರಿಯಾಗಿದ್ದೆ. ಗೋಡೆ, ನೆಲ, ಮಾಳಿಗೆ ಎಲ್ಲವೂ ಫರಸಿ ಕಲ್ಲಿನದೇ. ಪಕ್ಕದಲ್ಲೇ ರೈಲ್ವೆ ಹಳಿ. ನನ್ನ ಹಿಂದಿನ ಪಾದ್ರಿಗಳು ಇಂಜಿನ್ನು ಕೂಗಿದರೆ ಪ್ರಸಂಗ ನಿಲ್ಲಿಸಿ ಅದು ಸುಮ್ಮನಾಗುವವರೆಗೆ ಕಾಯುತ್ತಿದ್ದರಂತೆ. ನಾನು ಹಾಗೆ ಸೋಲುವವನಲ್ಲ. ಇಂಜಿನ್ನು ಕೂಗಿದಷ್ಟೂ ದನಿ ಏರಿಸುತ್ತಿದ್ದೆ. ಕೊನೆಗೆ ಇಂಜಿನ್ನೇ ಮುಂದೆ ಹೋಗುತ್ತಿತ್ತು. ಅದು ಹೇಗೂ ಹೋಗಲೇಬೇಕಾಗಿತ್ತು ಎಂದು ನನ್ನ ಹೆಂಡತಿ ಸುಶೀಲಾ ಹೇಳುತ್ತಾಳೆ. ಅವಳ ಮಾತು ಬಿಡಿ.

ಇಂಥ ಗಂಟಲು ಒಂದು ಶುಕ್ರವಾರ ಬೆಳಿಗ್ಗೆ ಇದ್ದಕ್ಕಿದ್ದಂತೆ ಕಟ್ಟಿಕೊಂಡಿತು. "ಚಹಾ" ಎಂದು ಕೂಗಿದರೆ ಹಳೆಯ ಬಾಗಿಲು ಕಿರುಗುಟ್ಟಿದ ಹಾಗೆ ಸದ್ದು ಬಂತು. ಡಾಕ್ಟರು ಬಾಯೊಳಗೆ ಬ್ಯಾಟರಿ ಬಿಟ್ಟು ನೋಡಿ, "ಒಂದು ವಾರ ಬಾಯಿ ಮುಚ್ಕೊಂಡಿರ್ರಿ ಪಾದ್ರಿ ಸಾಹೇಬ್ರ. ಪಿಸುಪಿಸು ಸೈತ ಬ್ಯಾಡ. ಇಲ್ಲಾಂದ್ರ ದನಿ ಕಾಯಂ ಹೋಗ್ತದ" ಎಂದರು. ದನಿಯಿಲ್ಲದ ಪಾದ್ರಿ ಯಾರಿಗೆ ಬೇಕು?

ಆದರೆ ನಿಜವಾದ ಆಘಾತ ಸಂಜೆಗಿತ್ತು. ಸಭೆಯ ಹಿರಿಯ ಸಮುವೇಲಪ್ಪ, ರಿಟೈರಾದ ರೈಲ್ವೆ ಗಾರ್ಡು, ನೋಡಲು ಬಂದ. ಸುಶೀಲಾ ವಿಷಯ ಹೇಳಿದಳು. ಸಮುವೇಲಪ್ಪ, "ಅಂದ್ರ ಈ ಐತವಾರ ಪ್ರಸಂಗ ಇಲ್ಲೇನ್ರಿ? ಭಾಳ ಛಲೋ ಆತು" ಎಂದವನು, ನನ್ನ ಮುಖ ನೋಡಿ ಗಾಬರಿಯಾಗಿ, "ಅಂದ್ರ, ನಿಮಗ ಆರಾಮ ಸಿಕ್ತಲ್ಲ, ಅದಕ್ಕಂದೆ" ಎಂದು ಸೇರಿಸಿದ. ನಾನು ಉತ್ತರ ಕೊಡುವಂತಿರಲಿಲ್ಲ. ಕೊಟ್ಟಿದ್ದರೆ ಡಾಕ್ಟರ ಮಾತು ನಿಜವಾಗುತ್ತಿತ್ತು.

ಭಾನುವಾರ ಸುಶೀಲಾ ಒಂದು ಕೀರ್ತನೆ ಓದಿದಳು, ಪ್ರಾರ್ಥನೆ ಮಾಡಿದಳು, ಎಲ್ಲರೂ ಸೇರಿ ಹಾಡಿದರು. ಅಷ್ಟೇ. ಆರಾಧನೆ ಅಷ್ಟು ಬೇಗ ಮುಗಿದರೆ ಜನ ಮೋಸ ಹೋದವರಂತೆ ಮನೆಗೆ ನಡೆಯುತ್ತಾರೆ ಎಂದುಕೊಂಡಿದ್ದೆ. ಇಬ್ಬರನ್ನು ಬಿಟ್ಟರೆ ಒಬ್ಬರೂ ಹೋಗಲಿಲ್ಲ! ಬೇವಿನ ಮರದ ಕೆಳಗೆ ಕೂತರು. ಯಾರೋ ಮನೆಗೆ ಓಡಿ ಡಬ್ಬಿ ತುಂಬ ಮಂಡಕ್ಕಿಯ ಸೂಸಲಾ ತಂದರು. ಗಂಡಸರು, ಹೆಂಗಸರು ಮಧ್ಯಾಹ್ನದವರೆಗೆ ನಕ್ಕು ಮಾತಾಡಿದರು. ಸಭೆಯವರಲ್ಲಿ ಅನ್ಯೋನ್ಯತೆ ಬೆಳೆಯಬೇಕೆಂದು ನಾನು ವರ್ಷಗಟ್ಟಲೆ ಒದರಿದ್ದೆ. ನಾನು ಒದರದ ಒಂದೇ ದಿನ ಅದು ಬೆಳೆದು ನನ್ನ ಕಣ್ಣೆದುರು ಸೂಸಲಾ ತಿನ್ನುತ್ತ ಕೂತಿತ್ತು. ನಾನು ಗರಬಡಿದವನ ಹಾಗೆ ಬಾಗಿಲಲ್ಲಿ ನಿಂತಿದ್ದೆ.

ಆ ಗುಂಪಿಗೆ ಸೇರದ ಇಬ್ಬರೆಂದರೆ ಯೋಹಾನಪ್ಪ ಮತ್ತು ಅವನ ತಮ್ಮ ಪ್ರಭುದಾಸ. ಇಬ್ಬರೂ ರಾವೂರಿನ ಕಡೆ ಕಲ್ಲಿನ ಗಣಿಯಲ್ಲಿ ದುಡಿಯುವವರು, ಒಂದೇ ಓಣಿಯಲ್ಲಿ ಎದುರುಬದುರು ಮನೆ, ಆದರೆ ಮಾತಿಲ್ಲ. ಚರ್ಚಿನಲ್ಲಿ ಒಬ್ಬ ಎಡಗಡೆ ಕಿಟಕಿಯ ಹತ್ತಿರ ಕೂತರೆ ಇನ್ನೊಬ್ಬ ಬಲಗಡೆ. ನಾನು ಈ ಊರಿಗೆ ಬರುವ ಮೊದಲೇ ಅವರ ತಂದೆ ಗಣಿಯಲ್ಲಿ ಕಲ್ಲು ಬಿದ್ದು ಸತ್ತಿದ್ದ. ಆಗ ಪ್ರಭುದಾಸ ಸೊಲ್ಲಾಪುರದಲ್ಲಿದ್ದ. ತಂತಿ ಸಿಕ್ಕಿ ಓಡಿ ಬರುವಷ್ಟರಲ್ಲಿ ಅಣ್ಣ ಶವದ ಪೆಟ್ಟಿಗೆಗೆ ಮೊಳೆ ಹೊಡೆಸಿಬಿಟ್ಟಿದ್ದ. ಒಮ್ಮೆ ತೆಗೆಸು, ಅಪ್ಪನ ಮುಖ ನೋಡುತ್ತೇನೆ ಎಂದು ತಮ್ಮ ಕಾಲು ಹಿಡಿದರೂ ಅಣ್ಣ ಪೆಟ್ಟಿಗೆಗೆ ಅಡ್ಡ ನಿಂತನಂತೆ. ಅಂದಿನಿಂದ ಹೀಗೆ. ನಾನು ಇವರಿಬ್ಬರಿಗೆಂದೇ ಕ್ಷಮೆಯ ಮೇಲೆ ಮತ್ತೆ ಮತ್ತೆ ಪ್ರಸಂಗ ಮಾಡಿದ್ದೆ, ಅರ್ಧ ಎಡಗಡೆ ಕಿಟಕಿಗೆ, ಅರ್ಧ ಬಲಗಡೆ ಕಿಟಕಿಗೆ. ಇಡೀ ಸಭೆಯ ಕತ್ತು ನೋಯುತ್ತಿತ್ತೇ ಹೊರತು ಬೇರೆ ಪರಿಣಾಮವಾಗಲಿಲ್ಲ.

ಮಂಗಳವಾರ ಮಧ್ಯಾಹ್ನ ಯೋಹಾನಪ್ಪ ಮನೆಗೆ ಬಂದ. ಅವನು ತಾನಾಗಿ ಬಂದದ್ದು ಅದೇ ಮೊದಲು. ಮೈಮೇಲೆ ಕಲ್ಲಿನ ಪುಡಿ ಹಾಗೇ ಇತ್ತು. ಕೂತ. ನಾನು ಸುಮ್ಮನಿದ್ದೆ. ಅವನೂ ಸುಮ್ಮನಿದ್ದ. ಬಾಯಿ ನೆಟ್ಟಗಿದ್ದರೆ ಅಷ್ಟರಲ್ಲಿ ನಾನು ಮೂರು ವಚನ ಹೇಳಿ ಒಂದು ಪ್ರಾರ್ಥನೆ ಮುಗಿಸುತ್ತಿದ್ದೆ.

"ನೀವು ಈಗ ಯಾರ ಮುಂದನೂ ಏನೂ ಹೇಳಂಗಿಲ್ಲಲ್ರಿ, ಅದಕ್ಕ ಬಂದೀನಿ" ಎಂದ ಯೋಹಾನಪ್ಪ. ನನಗೆ ಅವಮಾನವಾಯಿತು. ಆದರೂ ತಲೆಯಾಡಿಸಿದೆ.

"ತಮ್ಮ ನಾಳೆ ಸೊಲ್ಲಾಪುರಕ್ಕ ಹೊಂಟಾನ್ರಿ. ಹೆಂಡ್ತಿ ಮಕ್ಕಳು ಎಲ್ಲಾ ಕಟ್ಕೊಂಡು. ಮತ್ತ ಈ ಊರಿಗಿ ಬರಂಗಿಲ್ಲ ಅಂದಾನಂತ." ಅಂಗೈಗೆ ಹತ್ತಿದ್ದ ಕಲ್ಲಿನ ಪುಡಿಯನ್ನು ತಿಕ್ಕಿ ತೆಗೆದ. "ಪಾದ್ರಿ ಸಾಹೇಬ್ರ, ಅಪ್ಪಗ ಮಾರಿ ಮುಖ ಏನೂ ಉಳಿದಿರಲಿಲ್ರಿ. ಕಲ್ಲಿನ ಕೆಳಗಿಂದ ಅಂವನ್ನ ತೆಗದಾಂವ ನಾನೇ. ಅಂಗಿ ನೋಡಿ ಗುರುತು ಹಿಡದೆ. ತಮ್ಮ ಸಣ್ಣಾಂವ. ಅಪ್ಪ ಅಂದ್ರ ಅವಗ ಜೀವ. ಅದನ್ನ ಹ್ಯಾಂಗ ತೋರಿಸ್ಲಿ? ಸಿಟ್ಟಾದ್ರ ಆಗ್ಲಿ, ಅಪ್ಪನ ನಗುಮಾರಿ ಅವನ ಕಣ್ಣಾಗ ಉಳೀಲಿ ಅಂದ್ಕೊಂಡೆ."

ಈ ಮನುಷ್ಯನನ್ನು ನಾನು ಕಲ್ಲು ಹೃದಯದವನೆಂದು ಪೀಠದ ಮೇಲಿನಿಂದ ಸೂಚಿಸಿದ್ದುಂಟು. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಗಾಳಿ ಮಾತ್ರ ಬಂತು. ಬೇರೆ ದಾರಿ ತೋಚದೆ ಎದ್ದು ಅವನ ರಟ್ಟೆ ಹಿಡಿದು ಎಳೆದೆ.

"ಏನ್ರಿ, ಎಲ್ಲಿಗ್ರಿ?" ಎನ್ನುತ್ತ ಅವನು, ಚಪ್ಪಲಿಯನ್ನೂ ಮೆಟ್ಟದೆ ನಾನು. ಬಜಾರಿನ ನಡುವೆ ಪಾದ್ರಿಯೊಬ್ಬ ಮಾತಿಲ್ಲದೆ ಗಣಿ ಕೆಲಸದವನನ್ನು ಎಳೆದುಕೊಂಡು ಹೋಗುವುದನ್ನು ವಾಡಿಯ ಜನ ಅದುವರೆಗೆ ಕಂಡಿರಲಿಲ್ಲ. ಚಹಾ ಅಂಗಡಿಯವರೆಲ್ಲ ಎದ್ದು ನಿಂತರು. "ಪಾದ್ರಿ ಸಾಬ್ ಕೋ ಕ್ಯಾ ಹುವಾ? ಏನಾತು?" ಎಂದು ಯಾರೋ ಕೇಳಿದರು.

ಪ್ರಭುದಾಸನ ಮನೆಯಲ್ಲಿ ಗಂಟುಮೂಟೆ ಸಿದ್ಧವಾಗಿತ್ತು. ಅಣ್ಣನನ್ನು ಕಂಡು ಅವನ ಮುಖ ಗಂಟಿಕ್ಕಿತು. "ಯಾಕ ಕರ್ಕೊಂಡು ಬಂದ್ರಿ ಇವನ್ನ?" ಎಂದ. ನಾನು ಯೋಹಾನಪ್ಪನ ಕಡೆ ಬೆರಳು ತೋರಿಸಿ ಸುಮ್ಮನೆ ನಿಂತೆ. ಅಣ್ಣ ನೆಲ ನೋಡಿದ. ತಮ್ಮ ನನ್ನನ್ನು ನೋಡಿದ. ಯಾರಾದರೂ ಮಾತಾಡಲೇಬೇಕಿತ್ತು, ಅದು ನಾನಾಗುವಂತಿರಲಿಲ್ಲ. ಅಷ್ಟು ದೊಡ್ಡ ಮೌನವನ್ನು ನಾನು ಜೀವಮಾನದಲ್ಲಿ ಸಹಿಸಿರಲಿಲ್ಲ. ಕೊನೆಗೆ ಯೋಹಾನಪ್ಪನೇ ಗೋಡೆಗೆ ಒರಗಿ, ನನಗೆ ಹೇಳಿದ್ದನ್ನೆಲ್ಲ ತಡವರಿಸುತ್ತ ತಮ್ಮನಿಗೆ ಹೇಳಿದ.

ಪ್ರಭುದಾಸ ಹಾಸಿಗೆಯ ಗಂಟಿನ ಮೇಲೆ ಕುಸಿದು ಕೂತ. ಕೂಗಾಡುತ್ತಾನೆ, ಯಾಕೆ ಮುಚ್ಚಿಟ್ಟೆ ಎನ್ನುತ್ತಾನೆ ಎಂದು ನಾನು ಹೆದರಿದ್ದೆ. ಅವನು ಕೇಳಿದ್ದು ಬೇರೆಯೇ.

"ಅಣ್ಣಾ, ಅದನ್ನ ನೀ ಒಬ್ಬಾಂವನೇ ನೋಡಿದೇನು?"

ಯೋಹಾನಪ್ಪ ತಲೆಯಾಡಿಸಿದ. ತಮ್ಮ ಎದ್ದು ಬಂದು ಅವನನ್ನು ತಬ್ಬಿಕೊಂಡ. ಇಬ್ಬರೂ ಗಟ್ಟಿ ಆಳುಗಳು. ಅವರು ಅತ್ತ ರೀತಿಗೆ ಓಣಿಯವರೆಲ್ಲ ಬಾಗಿಲಿಗೆ ಬಂದರು. ಗಂಟು ಬಿಚ್ಚಿ ಮೊದಲು ಚಹಾದ ಪಾತ್ರೆ ತೆಗೆದವಳು ಪ್ರಭುದಾಸನ ಹೆಂಡತಿ.

ಮುಂದಿನ ಭಾನುವಾರಕ್ಕೆ ನನ್ನ ದನಿ ಮರಳಿತ್ತು. ಒಂದು ವಾರದ ಬಾಕಿಯೂ ಸೇರಿ ಭರ್ಜರಿ ಪ್ರಸಂಗ ತಯಾರಾಗಿತ್ತು. ಶುರು ಮಾಡಿ ಹೆಚ್ಚು ಹೊತ್ತಾಗಿರಲಿಲ್ಲ, ಎಡಗಡೆ ಕಿಟಕಿಯ ಹತ್ತಿರ ನೋಡಿದೆ. ಅಣ್ಣ ತಮ್ಮ ಒಂದೇ ಬೆಂಚಿನಲ್ಲಿ ಕೂತಿದ್ದರು. ಇಬ್ಬರೂ ಗಾಢ ನಿದ್ದೆಯಲ್ಲಿದ್ದರು. ತಮ್ಮನ ತಲೆ ಅಣ್ಣನ ಹೆಗಲ ಮೇಲಿತ್ತು. ಪ್ರಸಂಗದ ಮುಖ್ಯ ಭಾಗ ಆಗಷ್ಟೇ ಬರುವುದರಲ್ಲಿತ್ತು. ಅಲ್ಲಿ ಮೇಜು ಗುದ್ದಬೇಕೆಂದು ನಾನು ಮೊದಲೇ ನಿಶ್ಚಯಿಸಿದ್ದೆ. ಗುದ್ದಲಿಲ್ಲ. ದನಿ ಇಳಿಸಿದೆ. ತಮ್ಮ ಸ್ವಲ್ಪ ಮಿಸುಕಾಡಿದ, ಇನ್ನೂ ಇಳಿಸಿದೆ. ಹಿಂದಿನ ಬೆಂಚುಗಳಿಗೆ ಕೊನೆಗೆ ಒಂದಕ್ಷರವೂ ಕೇಳಿಸಲಿಲ್ಲವಂತೆ.

ಆರಾಧನೆ ಮುಗಿದ ಮೇಲೆ ಆ ಹಿಂದಿನ ಬೆಂಚಿನವರೇ ಸಾಲಾಗಿ ಬಂದು ನನ್ನ ಕೈ ಹಿಡಿದುಕೊಂಡು, ಇಂಥ ಪ್ರಸಂಗ ನೀವು ಎಂದೂ ಮಾಡಿರಲಿಲ್ಲ ಎಂದರು.