ಮಸೂದೆಯವರ ಮೆರವಣಿಗೆ

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರೆ. ಅವತ್ತು ಬೆಳಗ್ಗೆ ಮಸೂದೆಯವರು ತಮ್ಮ ಕಟ್ಟಡದ ಮೆಟ್ಟಿಲಿಳಿಯುತ್ತ ಬಾಯಿ ಬಿಡದಿದ್ದರೆ ಏನೂ ಆಗುತ್ತಿರಲಿಲ್ಲ.

ಆ ಕಟ್ಟಡದಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ‘ಮಸೂದೆಯವರು’ ಅಂತಲೇ. ಶಾಸನಸಭೆಗೆ ಬರುವ ಮಸೂದೆಗಳಲ್ಲಿ ಜನರ ಹಕ್ಕಿಗೆ ಎಲ್ಲಿ ಕತ್ತರಿ ಬೀಳುತ್ತದೆ ಅಂತ ಓದಿ, ಪ್ರೇಕ್ಷಕರ ಗ್ಯಾಲರಿಯಲ್ಲಿ ಕೂತು ನೋಡಿ, ತಮ್ಮ ಪುಟ್ಟ ಸಂಸ್ಥೆಗೆ ವರದಿ ಕೊಡುವುದು ಅವರ ಕೆಲಸ. ಇಷ್ಟು ವರ್ಷ ಓದಿ ಒಂದು ಅಲ್ಪವಿರಾಮವನ್ನೂ ಅಲುಗಾಡಿಸಲು ಅವರಿಂದ ಆಗಿರಲಿಲ್ಲ.

"ಇವತ್ತೇನು ಬಿಲ್ಲು? ಕರೆಂಟಿಂದಾ?" ನೆಲಮಹಡಿಯ ಟೈಲರ್ ಅಕ್ಕ ಎಂದಿನಂತೆ ಕೆಣಕಿದಳು.

"ಅಲ್ಲಕ್ಕ. ಐದು ಜನರಿಗಿಂತ ಜಾಸ್ತಿ ಒಂದು ಕಡೆ ಸೇರಿದರೆ ಪೊಲೀಸರು ಹಿಡ್ಕೊಂಡು ಹೋಗಬಹುದಂತೆ. ಈ ಮೆಟ್ಟಿಲೂ ಸೇರುತ್ತೆ ಅದರಲ್ಲಿ."

ಅಕ್ಕನ ಹೊಲಿಗೆ ಯಂತ್ರ ನಿಂತಿತು. "ನಾವು ಸಾಯಂಕಾಲ ಇಲ್ಲಿ ಕೂರೋದೂ?"

"ಅದೂ."

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಪೇಪರು ಮಡಿಸಿದರು. "ಕಾಯ್ದೆ ಇನ್ನೂ ಆಗಿಲ್ಲ ತಾನೆ? ಹಾಗಾದ್ರೆ ಆಗೋದ್ರೊಳಗೆ ಆ ಸಭೆಗೇ ಹೋಗಿ ಸೇರಿಬಿಡೋಣ."

ಮಸೂದೆಯವರು ಬೇಡ ಬೇಡ ಅನ್ನುತ್ತಿರುವಾಗಲೇ ಅಕ್ಕ ಅಂಗಡಿ ಬಾಗಿಲು ಎಳೆದಾಗಿತ್ತು. ಅಳತೆ ಕೊಡಲು ಬಂದವರೂ ಹಿಂದೆ ಹೊರಟರು. ಬಸ್ ಸ್ಟಾಪಿನಲ್ಲಿ ಗುಂಪು ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಬೆಳೆಯಿತು. ಶಾಸನಸಭೆಯ ಬಾಗಿಲಲ್ಲಿ ಅಷ್ಟೂ ಜನರ ಜವಾಬ್ದಾರಿ ತಮ್ಮದೆಂದು ಸಹಿ ಹಾಕುವಾಗ ಮಸೂದೆಯವರ ಅಕ್ಷರ ಕೋಳಿ ಕಾಲು ಕೆರೆದಂತಾಯಿತು.

ಯಾವಾಗಲೂ ಅವರೊಬ್ಬರೇ ಆಕಳಿಸುತ್ತ ಕೂರುತ್ತಿದ್ದ ಗ್ಯಾಲರಿ ಅವತ್ತು ತುಂಬಿತು. ದಾರಿಯುದ್ದಕ್ಕೂ ಗದ್ದಲ ಮಾಡಿಕೊಂಡು ಬಂದವರು ಇಲ್ಲಿ ಉಸಿರು ಬಿಗಿಹಿಡಿದು ಕೂತರು. ಮೇಷ್ಟ್ರು ಚಪ್ಪಲಿ ಸದ್ದಾಗದಂತೆ ಕಾಲು ಮಡಿಸಿದರು. ಅಕ್ಕನ ಕೊರಳಲ್ಲಿ ಅಳತೆ ಟೇಪು ಇನ್ನೂ ನೇತಾಡುತ್ತಿತ್ತು.

ಮಸೂದೆ ಮಂಡಿಸಿದ ಮಂತ್ರಿ ಓದುತ್ತ ಓದುತ್ತ ತಲೆ ಎತ್ತಿದರು. ಒಂದು ಸಾಲು ಮುಖಗಳು, ಅದರ ಹಿಂದೆ ಇನ್ನೊಂದು ಸಾಲು. ಯಾರೂ ಕೂಗಲಿಲ್ಲ, ಬರೀ ನೋಡಿದರು. ಮಂತ್ರಿ ನೀರು ಕುಡಿದರು. ಮತ್ತೆ ಮೇಲೆ ನೋಡಿದರು.

"ಐದು ಜನರ ಈ ಒಂದು ಕಲಮನ್ನು... ಕೈಬಿಡುತ್ತಿದ್ದೇನೆ."

ಮಸೂದೆಯವರ ಮೈ ಜುಮ್ಮೆಂದಿತು. ಅಚ್ಚಾದ ಅಕ್ಷರ ಕಣ್ಣೆದುರೇ ಅಳಿಸಿಹೋಗುವುದನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ. ಅಳತೆ ಟೇಪಿನ ಅಕ್ಕನನ್ನೂ ಬೋಳುತಲೆಯ ಮೇಷ್ಟ್ರನ್ನೂ ಅವರು ಬೆಟ್ಟ ನೋಡುವಂತೆ ನೋಡಿದರು. ಇವರು ಬಂದು ಕೂತರು, ಅಷ್ಟೇ. ಅಷ್ಟಕ್ಕೇ!

ಗ್ಯಾಲರಿಯಲ್ಲಿ ಚಪ್ಪಾಳೆ ಸಿಡಿಯಿತು. ಕೆಳಗೆ ಸಭಾಧ್ಯಕ್ಷರು ಸುತ್ತಿಗೆ ಬಡಿದರು, ಏನೋ ಓದಿದರು, ಸದಸ್ಯರು ಕೈಯೆತ್ತಿದರು. ಒಂದಕ್ಷರವೂ ಕೇಳಿಸಲಿಲ್ಲ.

ಹೊರಗೆ ಬರುವಾಗ ಮಸೂದೆಯವರು ಬಾಗಿಲ ಕಾವಲುಗಾರನನ್ನು ಕೇಳಿದರು, "ಕೊನೇಲಿ ಪಾಸಾಗಿದ್ದು ಏನಪ್ಪ?"

"ಸದನದ ನಿಯಮ ತಿದ್ದುಪಡಿ ಸಾರ್. ನಾಳೆಯಿಂದ ಗ್ಯಾಲರಿಗೆ ಹೊರಗಿನೋರು ಯಾರೂ ಬರೋ ಹಾಗಿಲ್ಲ. ನೀವೂ ಅಷ್ಟೇ."

ಅಕ್ಕ ಮಸೂದೆಯವರತ್ತ ತಿರುಗಿದಳು. "ಅಲ್ಲಾ, ಇದನ್ನ ನೀವು ಮೊದಲೇ ಓದಿರಲಿಲ್ವಾ?"

ಮಸೂದೆಯವರು ಚೀಲ ಹೆಗಲಿಗೇರಿಸಿದರು.

"ಇವತ್ತು ಬೆಳಗ್ಗೆ ಬಸ್ಸಲ್ಲಿ ಕೂತು ಓದೋಣ ಅಂತಿದ್ದೆ ಅಕ್ಕ."