ಸೈಟಿನ ಪತ್ರ ಬರೂತನಕ

ರೊಕ್ಕ ಕೂಡಿಟ್ಟೋರ ಮನಿಗೆ ಕಳ್ಳರಕಿಂತ ಮೊದಲ ಸಲಹೆ ಕೊಡೋರು ಬರ್ತಾರ. ಆರು ವರ್ಷ ನನ್ನ ಹಣೇಬರಹ ಇದ ಆಗಿತ್ತು. ನಾನು ದನದ ದವಾಖಾನ್ಯಾಗ ಕಂಪೌಂಡರ್. ಕೊಪ್ಪಳದ ಸರಕಾರಿ ಬಡಾವಣ್ಯಾಗ ಒಂದು ಸೈಟಿಗೆ ಅರ್ಜಿ ಹಾಕಿ ಕುಂತಿದ್ದೆ. ಸೈಟು ಮಂಜೂರಾದ ಪತ್ರ ಬಂದ ಮೂವತ್ತು ದಿನದಾಗ ಪೂರಾ ರೊಕ್ಕ ಕಟ್ಟಬೇಕು, ಇಲ್ಲಂದ್ರ ಸೈಟು ಪಟ್ಟ್ಯಾಗಿನ ಮುಂದಿನವರಿಗೆ. ಅಂದ್ರ ರೊಕ್ಕ ಬೆಳೀಲೂಬೇಕು, ಕರದ ಕೂಡ್ಲೆ ಬರಲೂಬೇಕು.

ಭಾಗ್ಯನಗರದ ಎರಡು ಖೋಲಿ ಬಾಡಿಗಿ ಮನ್ಯಾಗ ನಾನು, ನನ್ನ ಹೆಂಡ್ತಿ, ನಮ್ಮವ್ವ ಇರೂದು. ನಮ್ಮಪ್ಪ ಬಾಡಿಗಿ ಮನ್ಯಾಗ ಕಣ್ಣು ಮುಚ್ಚಿದ. ನಮ್ಮವ್ವನರ ತನ್ನ ಬಾಗಿಲಿಗೆ ತಾನು ತೋರಣ ಕಟ್ಟಲಿ ಅಂತ ನನಗ ಭಾಳ ಆಸೆ.

ಎಮ್ಮಿ ಬಡ್ಡಿ

ಕುಷ್ಟಗ್ಯಾಗ ಡ್ಯೂಟಿ ಇದ್ದಾಗ ಒಬ್ಬ ಯಜಮಾನ ಎಮ್ಮಿ ಹೊಡಕೊಂಡು ಬಂದ. ನಾನು ಸೂಜಿ ತಯಾರು ಮಾಡೂದ್ರಾಗ ನನ್ನ ಸೈಟಿನ ಕಥಿ ಪೂರಾ ಕೇಳಿಕೊಂಡ.

"ಬ್ಯಾಂಕಿನ್ಯಾಗ ಏನೈತ್ರಿ? ವರ್ಷಕ್ಕೊಮ್ಮೆ ಬಡ್ಡಿ. ಎಮ್ಮಿ ಕಟ್ರಿ, ಮುಂಜಾನಿ ಒಮ್ಮೆ ಬಡ್ಡಿ, ಸಂಜಿಕ ಒಮ್ಮೆ ಬಡ್ಡಿ. ಪತ್ರ ಬಂದ ದಿನ ಸಂತಿಗೆ ಹೊಡದ್ರ ಅಸಲೂ ಕೈಗೆ."

ಲೆಕ್ಕ ಖರೇನ ಐತಲ್ಲ ಅನಿಸ್ತು. ಸೂಜಿ ಹಿಡಕೊಂಡ ಕೇಳಿದೆ, "ಅಲ್ಲಪಾ, ಇಷ್ಟು ಛಲೋ ಎಮ್ಮೀನ ದವಾಖಾನಿಗೆ ಯಾಕ ತಂದಿ?"

"ಎಂಟು ದಿನದಿಂದ ಬಡ್ಡಿ ನಿಂತೈತ್ರಿ," ಅಂದ.

ಅವ್ವನ ಶರತ್ತು

ಆಮ್ಯಾಲೆ ಗಂಗಾವತಿಗೆ ವರ್ಗ ಆತು. ಅಲ್ಲಿ ಪರಿಚಯ ಆದ ಒಬ್ಬ ವಿಮಾ ಏಜೆಂಟ್ ಬೆನ್ನು ಹತ್ತಿ ನಮ್ಮ ಮನಿತನಕ ಬಂದ. ಇಸ್ತ್ರಿ ಅಂಗಿ, ಕೈಯಾಗ ಬಣ್ಣದ ಕಾಗದ. ಇಪ್ಪತ್ತು ವರ್ಷ ಬಿಟ್ರ ರೊಕ್ಕ ನಾಕು ಪಟ್ಟು ಆಗತೈತಿ ಅಂದ. ನಮಗ ನಾಳೆ ಬೇಕಾದ್ರ ಹೆಂಗ ಅಂತ ನನ್ನ ಹೆಂಡ್ತಿ ಕೇಳಿದ್ಲು. "ಅಕ್ಕಾರ, ದೂರದ ವಿಚಾರ ಮಾಡ್ರಿ," ಅಂದ.

ಮೂಲ್ಯಾಗ ಶೇಂಗಾ ಸುಲಿಯಾಕ ಕುಂತಿದ್ದ ಅವ್ವ ತಲಿ ಎತ್ತಿದ್ಲು. "ತಮ್ಮಾ, ಇಪ್ಪತ್ತು ವರ್ಷಕ್ಕ ನಾನು ಇರ್ತೀನೇನು?"

ಅವನರ ಏನಂದಾನು ಪಾಪ. "ಯಾಕಿಲ್ಲಬೇ, ಗಟ್ಟಿಮುಟ್ಟ ಇರ್ತಿ," ಅಂದ.

"ಹಂಗಾರ ಅದನ್ನ ಆ ಕಾಗದದಾಗ ಬರದು ಸಹಿ ಮಾಡಿಕೊಡು. ರೊಕ್ಕದ ಮಾತು ಆಮ್ಯಾಲೆ ಆಡೂಣು."

ಏಜೆಂಟ್ ಚಾ ಸೈತ ಪೂರಾ ಕುಡೀಲಿಲ್ಲ. ನಾವು ರೊಕ್ಕ ಎಲ್ಲಾ ಬ್ಯಾಂಕಿನ್ಯಾಗ ಎಫ್.ಡಿ. ಇಟ್ಟು ಸುಮ್ಮನಾದ್ವಿ. ಬೇಕಂದಾಗ ಮುರಿಸಬಹುದು, ಬಡ್ಡಿ ಒಂದೀಟು ಹೋದ್ರ ಹೋಗಲಿ ಅಂತ.

ಮನಿ ಮಾಲಕರ ದುವಾ

ಪತ್ರ ಬರಲಿ ಅಂತ ನನ್ನ ಹೆಂಡ್ತಿ ಹೇಮಗುಡ್ಡದ ದುರ್ಗಮ್ಮಗ ಹರಕಿ ಹೊತ್ತಳು. ನಮ್ಮ ಮನಿ ಮಾಲಕರು ಸಾಬರು, ಹಳೇ ಸೈಕಲ್ ಸಾಮಾನಿನ ಅಂಗಡಿ ಅವರದು. ತಾವ ತಮ್ಮ ಟಂಟಂ ಆಟೋದಾಗ ಗುಡಿಗೆ ಕರಕೊಂಡು ಹೊಂಟ್ರು. ನಾವು ಒಳಗ ಕಾಯಿ ಒಡಸೂತನಕ ಅವರು ಹೊರಗ ಬೇವಿನ ಗಿಡದ ಬುಡಕ ಕಣ್ಣು ಮುಚ್ಚಿ, ಅಂಗೈ ಎತ್ತಿ ನಿಂತಿದ್ರು. ನನಗ ಎದಿ ತುಂಬಿ ಬಂತು.

"ನಮ್ಮ ಸಲುವಾಗಿ ನೀವೂ ಕೇಳಿಕೊಂಡ್ರೇನ್ರಿ?" ಅಂದೆ.

"ಹೌದ್ರಿ. ಇವರಿಗೆ ಸೈಟು ಜಲ್ದಿ ಸಿಗಲಿ, ಆದ್ರ ಮನಿ ಕಟ್ಟೂದು ಒಂದ್ಹತ್ತು ವರ್ಷ ತಡ ಆಗಲಿ ಅಂತ ಕೇಳೀನಿ. ಒಂದನೇ ತಾರೀಖಿಗೆ ಬಾಡಿಗಿ ಕೊಡೋರು ನನಗ ಮತ್ತೆಲ್ಲಿ ಸಿಗ್ತಾರ?"

ಹಳದಿ ಲಕೋಟಿ

ಈ ವರ್ಷ ಲಗ್ನದ ಸುಗ್ಗ್ಯಾಗ ಬ್ಯಾರೆಯವರ ಪತ್ರ ಬರಾಕ ಹತ್ತಿದ್ವು. ಬಾಜೂ ಓಣಿ ಮಾಸ್ತರಿಗೆ ಬಂತು, ಹಿಟ್ನಾಳದ ನನ್ನ ದೋಸ್ತಗ ಬಂತು. ನಮಗಿಲ್ಲ. ಆಫೀಸಿಗೆ ಕೇಳಾಕ ಹೋದ್ರ ಇಲ್ಲ ಅಂದುಬಿಟ್ಟಾರು ಅಂತ ಅಂಜಿ ನಾನು ಆ ಕಡೆ ಹಾಯಲೇ ಇಲ್ಲ. ದಿನಾ ಮುಂಜಾನಿ ಮೂರೂ ಮಂದಿ ದೇವರ ಜಗಲಿ ಮುಂದ ಕೈಮುಗದು, ಯಪ್ಪಾ ದೇವರ, ಪತ್ರ ಕಳಸು ಅನ್ನೂದು.

ಒಂದಿನ ಹೆಂಡ್ತಿ ಜಗಲಿ ಮ್ಯಾಲಿನ ಲಗ್ನಪತ್ರಿಕಿ ತಗದು ಯಾವ ಲಗ್ನ ಉಳದಾವ ಅಂತ ನೋಡಾಕ ಕುಂತಳು. ಲಗ್ನಪತ್ರಿಕಿ ಬಂತಂದ್ರ ಮೂಲಿಗೆ ಅರಿಷಿಣ ಕುಂಕುಮ ಹಚ್ಚಿ ದೇವರ ಮುಂದ ಇಡೂದು ನಮ್ಮವ್ವನ ಪದ್ಧತಿ. ಅಕಿಗೆ ಓದಾಕ ಬರೂದಿಲ್ಲ.

"ಇದೆಂಥಾ ಲಗ್ನರಿ? ವರ ಇಲ್ಲ, ವಧು ಇಲ್ಲ, ಬರೇ ನಿಮ್ಮ ಹೆಸರೈತಿ," ಅಂತ ಹೆಂಡ್ತಿ ಒಂದು ಹಳದಿ ಲಕೋಟಿ ಒಡದು ನನ್ನ ಕೈಗೆ ಕೊಟ್ಟಳು. ನೋಡ್ತೀನಿ, ಸೈಟಿನ ಪತ್ರ. ಲಕೋಟಿ ಮ್ಯಾಲಿನ ಅಂಚಿ ಮುದ್ರಿ ನೋಡಿದ್ರ ಬಂದು ಇಪ್ಪತ್ತೊಂಬತ್ತು ದಿನ ಆಗಿತ್ತು. "ಇದನ್ನ ಯಾರು ಇಸಗೊಂಡ್ರು?" ಅಂತ ಕೇಳಿದೆ.

"ಅಂಚಿಯಾಂವ ಹೆಬ್ಬಟ್ಟು ಒತ್ತಿಸಿಕೊಂಡು ಕೊಟ್ಟ," ಅಂದ್ಲು ಅವ್ವ. "ಹೆಬ್ಬಟ್ಟು ಒತ್ತಿಸಿಕೊಂಡು ಕರೀತಾರಂದ್ರ ಯಾರೋ ದೊಡ್ಡ ಮಂದಿ ಲಗ್ನ ಅಂತ ತಿಳದು ಎಲ್ಲಾದಕ್ಕಿಂತ ಮುಂದ ಇಟ್ಟಿದ್ದೆ."

ಮರುದಿನ ಬ್ಯಾಂಕಿನ ಬಾಗಿಲು ತೆಗಿಯೂದ್ರಾಗ ನಾವು ಮೆಟ್ಟಲ ಮ್ಯಾಲೆ. ಎಫ್.ಡಿ. ಮುರಿಸಿ, ರೊಕ್ಕ ಕಟ್ಟಿ, ರಸೀದಿ ಕೈಗೆ ಬಂದಾಗ ಹೆಂಡ್ತಿ ಅಲ್ಲೇ ಬೆಂಚಿನ ಮ್ಯಾಲೆ ಕುಂತು ಅತ್ತಳು. ನನಗೂ ಕಣ್ಣು ತುಂಬಿ ಬಂದ್ವು.

ಮನಿಗೆ ಬಂದು ಅವ್ವಗ ಹೇಳಿದೆ, "ಸೈಟು ನಮ್ಮದಾತು. ಆದ್ರ ಇನ್ನೊಂದು ದಿನ ತಡ ಆಗಿದ್ರ ನಿನ್ನಿಂದ ಕೈಬಿಟ್ಟು ಹೋಗಿತ್ತು ನೋಡು."

ಅವ್ವ ನನ್ನನ್ನ ಮ್ಯಾಲಿಂದ ಕೆಳಗ ನೋಡಿದ್ಲು.

"ಇಪ್ಪತ್ತೊಂಬತ್ತು ದಿನ ಎರಡೂ ಹೊತ್ತು ಆ ಪತ್ರಕ್ಕ ಊದಿನಕಡ್ಡಿ ಬೆಳಗೀನಿ," ಅಂದ್ಲು. "ಸೈಟು ಸುಮ್ಮನ ಸಿಕ್ತಂತ ತಿಳದೀಯೇನು?"