ಐದು ಬೊಟ್ಟು, ನಾಲ್ಕು ಪಟ್ಟೆ

ವಿಜ್ಞಾನಿಗಳಷ್ಟು ಸುಲಭವಾಗಿ ಮೋಸಹೋಗುವ ಜನ ಬೇರೆ ಇಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ಬದನೆಕಾಯಿ ಕೊಳ್ಳುವವರು ಕೂಡ ಒಮ್ಮೆ ತಿರುಗಿಸಿ ನೋಡುತ್ತಾರೆ; ನಾವು ಬೇಕಾದದ್ದು ಕಂಡ ಕೂಡಲೇ ಲೇಖನ ಬರೆಯಲು ಕೂರುತ್ತೇವೆ. ತೊಂಬತ್ತರ ದಶಕದಲ್ಲಿ ಮೈಸೂರಿನ ಒಂದು ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಬೆವರು ಸುರಿಸಿದ ನನಗೆ ಈ ಮಾತಾಡುವ ಹಕ್ಕಿದೆ.

ಪಿಎಚ್.ಡಿ.ಗೆ ನಾನು ತೋರಿಸಬೇಕಿದ್ದದ್ದು ಇಷ್ಟೇ: ಬ್ಯಾಕ್ಟೀರಿಯಾದ ಒಂದು ಪ್ರೋಟೀನು ಅದರ ಡಿಎನ್‌ಎಯನ್ನು ಹಿಡಿದುಕೊಳ್ಳುತ್ತದೆ ಎಂದು. ಎರಡನ್ನೂ ಬೆರೆಸಿ, ಜೆಲ್ ಎಂಬ ಪಾರದರ್ಶಕ ಲೋಳೆಹಲಗೆಯ ಗುಳಿಗಳಿಗೆ ಹಾಕಿ ಕರೆಂಟು ಕೊಟ್ಟರೆ ಡಿಎನ್‌ಎ ಓಡುತ್ತದೆ. ಪ್ರೋಟೀನು ಅಂಟಿದ್ದರೆ, ಕಂಕುಳಲ್ಲಿ ಮಗು ಎತ್ತಿಕೊಂಡು ಬೆಟ್ಟದ ಮೆಟ್ಟಿಲು ಹತ್ತುವವಳಂತೆ, ಹಿಂದೆ ಬೀಳುತ್ತದೆ. ನೇರಳಾತೀತ ದೀಪದ ಗಾಜಿನ ಮೇಲಿಟ್ಟರೆ ಹಿಂದೆ ಬಿದ್ದದ್ದು ಪಟ್ಟೆಯಾಗಿ ಹೊಳೆಯುತ್ತದೆ. ನನ್ನದು ಮೂರು ವರ್ಷವಾದರೂ ಹಿಂದೆ ಬೀಳಲಿಲ್ಲ. "ದೀಪಾವಳಿಯೊಳಗೆ ಪಟ್ಟೆ ಬರದಿದ್ರೆ ಈ ವಿಷಯ ಬಿಟ್ಬಿಡಿ, ಮೊದಲಿಂದ ಶುರುಮಾಡಿ" ಎಂದರು ಗೈಡ್. ಸ್ವತಃ ಪಿಪೆಟ್ ಮುಟ್ಟಿ ಹತ್ತು ವರ್ಷವಾಗಿದ್ದ ಮಹಾನುಭಾವರು!

ಆಯುಧಪೂಜೆ ಬಂತು. ಅಟೆಂಡರ್ ಮಾದಪ್ಪ ಯಂತ್ರಗಳಿಗೆಲ್ಲ ಹೂವೇರಿಸಿ, ಹೊಸ್ತಿಲಿಗೆ ಇಡುವಂತೆ ಆ ದೀಪದ ಗಾಜಿಗೂ ಸಾಲಾಗಿ ಅರಿಶಿನದ ಬೊಟ್ಟಿಟ್ಟ. "ಡಿಎನ್‌ಎಗೂ ಒಂದು ಮಂಗಳಾರತಿ ಎತ್ತಪ್ಪ" ಎಂದು ಅಣಕಿಸಿದೆ. ಅವನು ಕನಿಕರದಿಂದ ನೋಡಿದ. ಹಬ್ಬ ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿದ.

ಮುಂದಿನ ವಾರವೇ ಪಟ್ಟೆ ಬಂತು! ಮತ್ತೆ ಮಾಡಿದೆ, ಅದೇ ಜಾಗದಲ್ಲಿ ಬಂತು. ಮೂರನೆಯ ಸಲವೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. "ನಾನು ಆಗಲೇ ಹೇಳಿರಲಿಲ್ವೆ?" ಎಂದು ಗೈಡ್ ಕಾರಿಡಾರಿನ ಉದ್ದಕ್ಕೂ ಹೇಳಿಕೊಂಡು ಬಂದರು. ಕೃಷ್ಣಮೂರ್ತಿಪುರಂನ ಮನೆಯಲ್ಲಿ, "ಇವನು ಇನ್ನೂ ಓದ್ತಾನೇ ಇದಾನೆ" ಎಂದು ನನ್ನನ್ನು ಪರಿಚಯಿಸುತ್ತಿದ್ದ ಭಾವ "ಡಾಕ್ಟ್ರೇ" ಎನ್ನತೊಡಗಿದರು. ನಾಲ್ಕು ಪಟ್ಟೆಗಳ ಕಪ್ಪು-ಬಿಳುಪು ಫೋಟೊವನ್ನು ಗೋಡೆಗೆ ಅಂಟಿಸಿ, ಬಂದವರಿಗೆಲ್ಲ ಉಪನ್ಯಾಸ ಕೊರೆದೆ.

ಒಂದು ಬೆಳಿಗ್ಗೆ ಕಸ ಗುಡಿಸುತ್ತಿದ್ದ ಮಾದಪ್ಪ ಅದರ ಮುಂದೆ ನಿಂತ.

"ಇದೇನ್ ಸಾ, ನಾ ಮಡಗಿದ್ ಬೊಟ್ಟಿನ್ ಫೋಟೊ ಹಿಡ್ದಿದ್ದೀರಾ?"

"ಬೊಟ್ಟಲ್ಲ ಕಣಯ್ಯ, ಡಿಎನ್‌ಎ."

"ಅದೆಂಗೆ ಸಾ? ಅರಿಶಿನ ಪೂರ್ತಿ ಓಗ್ಲೇ ಇಲ್ಲ. ದೀಪ ಆಕಿ ನೋಡಿ."

ಹಾಕಿದೆ. ಜೆಲ್ ಇಲ್ಲದ ಬರಿಯ ಗಾಜಿನ ಮೇಲೆ ಅರಿಶಿನದ ಕಲೆಗಳು ಸಾಲಾಗಿ ಹೊಳೆದವು, ನನ್ನ ಪಟ್ಟೆಗಳಿದ್ದ ಜಾಗದಲ್ಲೇ.

ಮಾದಪ್ಪ ಬೆರಳು ಮಡಿಸಿ ಎಣಿಸಿದ. "ಐದ್ ಮಡಗಿದ್ದೆ. ನಿಮ್ ಫೋಟೊದಲ್ ನಾಕೇ ಅವೆ. ಇನ್ನೊಂದ್ ಎಲ್ಲೋಯ್ತು ಸಾ?"

ಹೋಲಿಕೆಗೆಂದು ಪ್ರೋಟೀನನ್ನೇ ಹಾಕದೆ ಬಿಟ್ಟಿದ್ದ ಐದನೆಯ ಗುಳಿಯ ಸಾಲಿನಲ್ಲೂ ಪಟ್ಟೆ ಬಂದಿತ್ತು. ಪ್ರೋಟೀನಿಲ್ಲದ ಕಡೆಯೂ ಬಂದರೆ ಇಡೀ ಪ್ರಯೋಗವೇ ಸುಳ್ಳೆಂದು ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತು. ಮೂರು ಫೋಟೊಗಳಿಂದಲೂ ಆ ಸಾಲನ್ನು ನೀಟಾಗಿ ಕತ್ತರಿಸಿ ಎಸೆದವನು ನಾನು.

ಅಂದೇ ಗೈಡ್ ಮುಂದೆ ನಿಂತು, ಮಾದಪ್ಪನ ಮೂಢನಂಬಿಕೆಯ ಮೇಲೆ ಅರ್ಧ ಗಂಟೆ ಕಿಡಿಕಾರಿದೆ. ಕತ್ತರಿಯ ಮಾತೆತ್ತಲಿಲ್ಲ.